ಸೆರಗು ಕೆಚ್ಚುವ ಕೈಗಳಿಗೊಂದು ಸೂರು: ಇಳಕಲ್ಲಿನ ನೇಕಾರ ಓಣಿಯಿಂದ ದೇಣಿಗೆ ಮನವಿ

ಕುಲಬಾಂಧವರಲ್ಲಿ, ಭಕ್ತಾದಿಗಳಲ್ಲಿ, ಇಳಕಲ್ ಸೀರೆ ಉಟ್ಟ, ಉಡಿಸಿದ ಎಲ್ಲ ಮನೆಯವರಲ್ಲಿ ವಿನಂತಿ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿರುವ ನಮ್ಮ ಓಣಿಯ ದೇವಸ್ಥಾನಕ್ಕೆ ಹೊಂದಿದ ಖಾಲಿ ಜಾಗದಲ್ಲಿ ಹಾಸು, ಅಂದರೆ ಸೀರೆಯ ಉದ್ದದೆಳೆಗಳನ್ನು, ತಯಾರಿಸುವ ಶೆಡ್ಡೊಂದನ್ನು ಕಟ್ಟಲು ಸಮಿತಿ ನಿರ್ಧರಿಸಿದೆ. ಕಲ್ಯಾಣ ಮಂಟಪವಲ್ಲ, ಗೋಪುರವೂ ಅಲ್ಲ. ಹಾಸು ಹಾಕಲು, ಗಂಜಿ ಕೊಡಲು, ಸೆರಗು ಕೆಚ್ಚಲು (ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಜೋಡಿಸಲು) ನೆರಳಿರುವ ಉದ್ದನೆಯ ಜಾಗ, ಒಂದು ಬದಿಗೆ ಕಲಿಯುವವರಿಗಾಗಿ ನಾಲ್ಕು ಕುಣಿ ಮಗ್ಗ (ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಮಗ್ಗ), ಹಿಂದೆ ನೂಲು ಜಾಲಿಸುವ ತೊಟ್ಟಿ. ಇಷ್ಟೇ ಕೆಲಸ. ಮಗ್ಗಕ್ಕೆ ಸಾಲ ಸಿಗುತ್ತದೆ, ಮಾರಾಟಕ್ಕೆ ಮೇಳಗಳಿವೆ, ಆದರೆ ನೂಲು ಮಗ್ಗಕ್ಕೇರುವ ಮೊದಲಿನ ಕೆಲಸಕ್ಕೆ ದುಡ್ಡು ಸಿಗುವುದು ಕಷ್ಟ. ಇಳಕಲ್ ಸೀರೆಯ ಜೀವ ಇರುವುದು ಅಲ್ಲಿಯೇ.

ಬೇರೆ ಊರುಗಳಲ್ಲಿ ಒಮ್ಮೆ ಹಾಸು ಏರಿಸಿದರೆ ಸೀರೆಯ ಹಿಂದೆ ಸೀರೆ ಇಳಿಯುತ್ತದೆ. ನಮ್ಮಲ್ಲಿ ಹಾಗಾಗದು. ಒಂದು ಸೀರೆಗೆ ಒಂದು ಹಾಸು. ಆರು ವಾರಿಯಾಗಲಿ, ಎಂಟಾಗಲಿ, ಒಂಬತ್ತಾಗಲಿ, ಅಷ್ಟಕ್ಕೇ ಅಳೆದು ಹೊಸದಾಗಿ ಹೂಡಬೇಕು. ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿಯದು. ಸೆರಗಿನ ಹಾಸು ರೇಷ್ಮೆ ಅಥವಾ ಆರ್ಟ್ ಸಿಲ್ಕ್. ದಡಿಯದು ಮೂರನೆಯದು, ಅದರ ಬಣ್ಣವೂ ಸೆರಗಿನದೇ. ಒಡಲಿನ ಎಳೆ ಸೆರಗಿನೊಳಗೆ ಹೋಗುವುದಿಲ್ಲ. ಹತ್ತಿಯ ಎಳೆ ಬಂದು ಕುಣಿಕೆಯಾಗಿ ಮಡಚಿಕೊಳ್ಳುತ್ತದೆ, ಆ ಕುಣಿಕೆಯೊಳಗೆ ರೇಷ್ಮೆಯ ಕುಣಿಕೆ ಸಿಕ್ಕಿಕೊಂಡು ಹಿಂದಿರುಗುತ್ತದೆ. ಇದನ್ನು ಒಂದೊಂದಾಗಿ ಬೆರಳಿನಲ್ಲೇ ಮಾಡಬೇಕು. ಇಂಚಿಗೆ 60 ಎಳೆ ಎಂದು ಹಿಡಿದರೂ ಒಡಲಿನ ಅಗಲಕ್ಕೆ ಎರಡು ಸಾವಿರ ಎಳೆ ದಾಟುತ್ತದೆ. ತೋಪು ತೆನಿ ಎಂದು ಹೆಸರಾದದ್ದು ಈ ಕೆಚ್ಚಿನ ಕೆಲಸವೇ. ಹದಿನಾರರಿಂದ ಇಪ್ಪತ್ತೇಳು ಇಂಚಿನ ಆ ಸೆರಗಿನಲ್ಲಿ ಮೂರು ಕಡೆ ಗಟ್ಟಿ ಕೆಂಪು, ನಡುವೆ ಎರಡು ಕಡೆ ಬಿಳಿ. ನೇಯುವಾಗಲೂ ಲಾಳಿ ಒಂದಲ್ಲ, ಮೂರು: ಎರಡು ದಡಿಗೆ ಎರಡು, ಒಡಲಿಗೊಂದು. ದಡಿಯ ಹೊಕ್ಕು (ಅಡ್ಡೆಳೆ) ಒಡಲಿನ ಹೊಕ್ಕಿಗೆ ಕೊಂಡಿ ಹಾಕಿ ಹಿಂದಿರುಗುತ್ತದೆ.

ಅಂಗಡಿಯಲ್ಲಿ ಸೀರೆ ಕೊಳ್ಳುವವರು ಸೆರಗು ಶುರುವಾಗುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಬಹುದು. ಕೈಮಗ್ಗದ್ದಾದರೆ ಅಲ್ಲಿ ಕುಣಿಕೆಗಳ ಸಾಲು ಕಾಣುತ್ತದೆ, ಅದರ ಆಚೆಗೆ ಗಟ್ಟಿ ಕೆಂಪು ಭಾಗದಲ್ಲಿ ಉದ್ದದೆಳೆ, ಅಡ್ಡೆಳೆ ಎರಡೂ ಕೆಂಪು. ಒಡಲಿನ ಹಸಿರೋ ನೀಲಿಯೋ ಸೆರಗಿನಲ್ಲೂ ಉದ್ದಕ್ಕೆ ಹಣಿಕುತ್ತಿದ್ದರೆ ಅದಕ್ಕೆ ಕೆಚ್ಚಿನ ಕೆಲಸ ಆಗಿಲ್ಲ.

ಈಗ ತೊಂದರೆ ಎಲ್ಲಿ ಎಂಬುದನ್ನು ಹೇಳಬೇಕು. ಹಾಸನ್ನು ಓಣಿಯುದ್ದ ಬಿಗಿದು ಗಂಜಿ ಹಚ್ಚುವುದು ರೂಢಿ. ಇಂದು ಓಣಿಯ ತುಂಬ ಬೈಕು, ಟಂಟಂ. ಬೆಳಗಿನ ಜಾವ ಎದ್ದು ಮುಗಿಸಬೇಕು, ಮೋಡವಾದರೆ ಅದೂ ಇಲ್ಲ. ಗಂಜಿ ತೆಳುವಾದರೆ ಎಳೆಯ ಜುಂಗು ಏಳುತ್ತದೆ, ಮಂದವಾದರೆ ಎಳೆ ಸೆಟೆದು ಫಣಿಯಲ್ಲಿ (ಎಳೆ ಹಾಯುವ ಮಗ್ಗದ ಬಾಚಣಿಗೆಯಲ್ಲಿ) ಕಡಿಯುತ್ತದೆ, ಪೂರ್ತಿ ಆರದೆ ಸುತ್ತಿಟ್ಟರೆ ಬೂಸಲು ಹಿಡಿಯುತ್ತದೆ. ಕೆಚ್ಚುವಾಗ ಬಿಗಿ ಹೆಚ್ಚುಕಡಿಮೆಯಾದರೆ ಹತ್ತಿಯೂ ರೇಷ್ಮೆಯೂ ಬೇರೆ ಬೇರೆ ಎಳೆದುಕೊಂಡು ಸೆರಗಿನ ಗೆರೆ ಸುಕ್ಕಾಗುತ್ತದೆ. ಇನ್ನೊಂದು, ಕೆಂಪು ನೂಲನ್ನು ನೀರು ತಿಳಿಯಾಗುವವರೆಗೆ ಜಾಲಿಸದೆ ಬಿಟ್ಟರೆ ಮೊದಲ ಒಗೆತಕ್ಕೇ ಸೆರಗಿನ ಬಿಳಿ ತೆನಿ ಗುಲಾಬಿಯಾಗುತ್ತದೆ. ಆ ಸೀರೆ ಹಿಂದಿರುಗಿ ಬರುತ್ತದೆ, ನಷ್ಟ ನೇಕಾರನದು. ನೀರು ಗಡುಸಾಗಿದ್ದರೆ ಬಣ್ಣ ಸಮನಾಗಿ ಹಿಡಿಯುವುದೂ ಇಲ್ಲ. ಶೆಡ್ಡಿನ ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಇಳಿಸುವ ಯೋಜನೆ ಹಾಕಿರುವುದು ಈ ಕಾರಣಕ್ಕೆ.

ಕುಣಿ ಮಗ್ಗವೇ ಯಾಕೆ ಎಂದು ಕೇಳುವವರಿದ್ದಾರೆ. ಕುಣಿಯ ತಂಪಿಗೆ ಹತ್ತಿಯ ಎಳೆ ಕಡಿಯುವುದು ಕಡಿಮೆ, ನಮ್ಮ ಬಿಸಿಲೂರಿಗೆ ಅದು ದೊಡ್ಡ ಮಾತು. ಆದರೆ ಮಳೆಗಾಲದಲ್ಲಿ ಅದೇ ಕುಣಿಗೆ ನೀರು ಜಿನುಗುತ್ತದೆ, ಫಣಿ ತುಕ್ಕು ಹಿಡಿದು ಬಟ್ಟೆಗೆ ಕಲೆ ಬೀಳುತ್ತದೆ. ಹಾಗಾಗಿ ಕುಣಿಯ ಒಳಮೈಗೆ ಕಲ್ಲು ಕಟ್ಟಿ, ಬಾಯಿಯನ್ನು ನೆಲಕ್ಕಿಂತ ಒಂದಡಿ ಎತ್ತರಿಸುತ್ತೇವೆ. ಮಂಡಿ ನೋವಿನ ಹಿರಿಯರಿಗೆ ಒಂದು ಚೌಕಟ್ಟಿನ ಮಗ್ಗವೂ ಇರಲಿ ಎಂಬುದು ನಮ್ಮ ಇಚ್ಛೆ.

ದೇವಸ್ಥಾನ ಈ ಕೆಲಸಕ್ಕೆ ಕೈ ಹಾಕಿರುವುದರಲ್ಲಿ ಹೊಸತೇನಿಲ್ಲ. ದೇವತೆಗಳಿಗೂ ಮನುಷ್ಯರಿಗೂ ಬಟ್ಟೆ ಕೊಡಲು ಹೊರಟ ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ನೂಲು ತರುವಾಗ ರಾಕ್ಷಸರು ಅಡ್ಡಗಟ್ಟಿದರೆಂದೂ, ಚೌಡೇಶ್ವರಿ ಬಂದು ಕಾಯ್ದಳೆಂದೂ ದೇವಾಂಗರು ನಂಬಿಕೊಂಡು ಬಂದಿದ್ದಾರೆ. ಬಾದಾಮಿಯ ಬಳಿ ಚೊಳಚಗುಡ್ಡದಲ್ಲಿ ನೆಲೆಸಿದ ಬನಶಂಕರಿ ನಮ್ಮಲ್ಲಿ ಬಹಳ ಮನೆಗಳಿಗೆ ಕುಲದೇವಿ. ಬನದ ಹುಣ್ಣಿಮೆಯ ತೇರಿಗೆ ಹೋಗದ ನೇಕಾರರ ಮನೆ ಈ ಭಾಗದಲ್ಲಿ ಅಪರೂಪ. ಮಗ್ಗಕ್ಕೆ ಪೂಜೆ ಮಾಡಿ ಮೊದಲ ಲಾಳಿ ಒಗೆಯುವುದು ನಮ್ಮಲ್ಲಿ ಇಂದಿಗೂ ಉಂಟು. ಹಾಗೆಂದು ಶೆಡ್ಡು ದೇವಾಂಗರಿಗೆ ಮಾತ್ರವಲ್ಲ. ಪಟ್ಟಸಾಲಿ, ಪದ್ಮಸಾಲಿ, ಕುರುಹಿನಶೆಟ್ಟಿ, ಹಟಗಾರ, ಯಾರೇ ಬಂದರೂ, ನೇಕಾರರಲ್ಲದವರ ಮಕ್ಕಳು ಬಂದರೂ ಕಲಿಸುತ್ತೇವೆ.

ಮಗ್ಗದಲ್ಲಿ ಕೂತವರಿಗೆ ಸೀರೆಯ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ರಾಟಿ ತಿರುಗಿಸಿ ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವ ಅವ್ವಂದಿರಿಗೆ, ಕೆಚ್ಚುವ ಅಜ್ಜಿಯರಿಗೆ ಬೇರೆ ಕೂಲಿ ಎಂಬುದೇ ಇಲ್ಲ, ಅದು ಮನೆಗೆಲಸದಲ್ಲಿ ಸೇರಿಹೋಗುತ್ತದೆ. ಇದು ಸರಿಯಲ್ಲ. ಶೆಡ್ಡಿನಲ್ಲಿ ಕೆಚ್ಚು ಕಲಿಸುವ ಹಿರಿಯ ಹೆಣ್ಣುಮಕ್ಕಳಿಗೆ ತಿಂಗಳ ಗೌರವಧನ ಕೊಡಬೇಕೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ. ಕಟ್ಟಡಕ್ಕೆ ಬಂದ ಹಣವನ್ನು ಇದಕ್ಕೆ ಬಳಸುವುದಿಲ್ಲ, ಅದಕ್ಕೆ ಪ್ರತ್ಯೇಕ ಖಾತೆ ತೆರೆಯುತ್ತೇವೆ.

ದೇಣಿಗೆ 100 ರೂಪಾಯಿಯಾದರೂ ರಸೀದಿ ಕೊಡುತ್ತೇವೆ. ಕೊಡುವಾಗ ಕಟ್ಟಡಕ್ಕೋ, ಗೌರವಧನಕ್ಕೋ, ನೂಲಿಗೋ ಎಂದು ಬರೆಸಿ. ವಸ್ತುರೂಪದಲ್ಲಿ ಕೊಡುವವರು ಬಳಸದೆ ಬಿದ್ದಿರುವ ಫಣಿ, ಲಾಳಿ, ರಾಟಿ, ಸಾಗವಾನಿ ತೊಲೆ ಕೊಡಬಹುದು. ಹಲ್ಲು ಸವೆದ ಫಣಿ ಮಾತ್ರ ಬೇಡ, ಅದು ಎಳೆ ಕತ್ತರಿಸುತ್ತದೆ. ಬೆಂಗಳೂರು, ಪುಣೆ, ಸೊಲ್ಲಾಪುರದಲ್ಲಿರುವ ನಮ್ಮವರು ಊರಿಗೆ ಬಂದಾಗ ಜಾಗ ನೋಡಿ, ನಕ್ಷೆ ನೋಡಿ, ಆಮೇಲೆ ಕೊಟ್ಟರೂ ಆದೀತು. ಜಮಾ-ಖರ್ಚಿನ ಪಟ್ಟಿಯನ್ನು ಪ್ರತಿ ತಿಂಗಳು ದೇವಸ್ಥಾನದ ಗೋಡೆಗೆ ಅಂಟಿಸುತ್ತೇವೆ, ಬನದ ಹುಣ್ಣಿಮೆಯ ಮರುದಿನದ ಸಭೆಯಲ್ಲಿ ಎಲ್ಲರೆದುರು ಓದುತ್ತೇವೆ. ಅಡಿಪಾಯದ ಕೆಲಸ ಮಳೆಗಾಲಕ್ಕೆ ಮೊದಲು ಮುಗಿಯಬೇಕಿರುವುದರಿಂದ ಕಲ್ಲು, ಸಿಮೆಂಟು ಕೊಡುವವರು ಯುಗಾದಿಯೊಳಗೆ ತಿಳಿಸಿದರೆ ಅನುಕೂಲ.

ಇಂತಿ ನಿಮ್ಮ ವಿಶ್ವಾಸಿಗಳು,
ದೇವಸ್ಥಾನ ಸಮಿತಿ ಮತ್ತು ನೇಕಾರ ಓಣಿಯ ಹಿರಿಯರು