57 ಸುರಂಗ ಎಣಿಸೋಣ ಬಾ, ಅಮ್ಮ

ಟೋಕಿಯೊ
4 ಜನವರಿ 2026, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಾನಿಲ್ಲಿ ಚೆನ್ನಾಗಿದ್ದೇನೆ. ಅಪ್ಪ, ಅಜ್ಜಿ, ತಮ್ಮ, ನೀನು ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ಫೋನಿನಲ್ಲಿ ಊಟ ಆಯ್ತಾ, ಚಳಿ ಜಾಸ್ತಿನಾ ಅನ್ನುವಷ್ಟರಲ್ಲಿ ಕುಕ್ಕರ್ ಕೂಗುತ್ತೆ, ನೀನು ಎದ್ದು ಹೋಗುತ್ತೀಯ. ಇದನ್ನು ನೀನು ನಿಧಾನವಾಗಿ ಕೂತು ಓದಬೇಕು.

ಇಲ್ಲಿ ಹೊಸ ವರ್ಷಕ್ಕೆ ಆಫೀಸಿಗೆ ರಜೆ ಇತ್ತು, ನಾಳೆಯಿಂದ ಮತ್ತೆ ಶುರು. 31ರ ರಾತ್ರಿ ಮನೆ ಹತ್ತಿರದ ಬುದ್ಧನ ಗುಡಿಗೆ ಹೋಗಿದ್ದೆ. ದೊಡ್ಡ ಗಂಟೆಯನ್ನು 108 ಸಲ ಬಾರಿಸುತ್ತಾರೆ. ನಿನ್ನ ಜಪಮಣಿಯದ್ದೇ ಲೆಕ್ಕ, ಅಲ್ವಾ? ಆ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದಾಗ ಹೋದ ವರ್ಷದ ನನ್ನ ಪಟ್ಟಿ ನೆನಪಾಯಿತು.

ಡೈರಿಯ ಮೊದಲ ಪುಟದಲ್ಲಿ 11 ಗುರಿ ಬರೆದಿದ್ದೆ. ಎಂಟು ಕೆಜಿ ಇಳಿಸಬೇಕು, ತಿಂಗಳಿಗೆ ಎರಡು ಪುಸ್ತಕ ಓದಬೇಕು, ಜಪಾನಿ ಭಾಷೆಯ ಎನ್3 ಪರೀಕ್ಷೆ ಬರೆಯಬೇಕು, ಫ್ಯೂಜಿ ಬೆಟ್ಟ ಹತ್ತಬೇಕು, ಹೀಗೆ. ಆಗಿದ್ದು ಎರಡೇ. ಪರೀಕ್ಷೆ ಬರೆದೆ, ಮನೆ ಸಾಲದ ಕಂತು ಒಂದು ತಿಂಗಳೂ ತಪ್ಪದೆ ಕಟ್ಟಿದೆ. ಯೋಚನೆ ಮಾಡಿದರೆ ಆ ಎರಡಕ್ಕೂ ತಾರೀಖು ಇತ್ತು. ಪರೀಕ್ಷೆ ಡಿಸೆಂಬರ್ ಮೊದಲ ಭಾನುವಾರ, ಕಂತು ತಿಂಗಳ ಐದಕ್ಕೆ. ಉಳಿದ ಒಂಬತ್ತನ್ನೂ ಯಾವಾಗಲಾದರೂ ಮಾಡಿದರಾಯಿತು ಅಂತ ಬಿಟ್ಟಿದ್ದೆ. ಫ್ಯೂಜಿ 3,776 ಮೀಟರ್ ಎತ್ತರ, ಹತ್ತಲು ದಾರಿ ತೆರೆಯುವುದೇ ಜುಲೈಯಿಂದ ಸೆಪ್ಟೆಂಬರ್ 10ರವರೆಗೆ. ಮುಂದಿನ ವಾರ, ಮುಂದಿನ ವಾರ ಅನ್ನುತ್ತಿದ್ದ ಹಾಗೇ ದಾರಿ ಮುಚ್ಚಿದರು.

ಆದರೆ ಮನಸ್ಸಿಗೆ ಚುಚ್ಚಿದ್ದು ಬೇರೆ. ಆ ಹನ್ನೊಂದರಲ್ಲಿ ನಿನ್ನದು ಒಂದೂ ಇರಲಿಲ್ಲ.

ಹೋದ ತಿಂಗಳು ಒಂದು ಸಂಜೆ ವೀಡಿಯೊ ಕಾಲ್ ಮಾಡಿದ್ದೆನಲ್ಲ, ನಿನಗೆ ನೆನಪಿದೆಯಾ? ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ ನೀನು ನೆನೆಸಿದ ಅವರೆಕಾಳು ಹಿತಕುತ್ತಿದ್ದೆ. ಹೆಬ್ಬೆರಳಿನಲ್ಲಿ ಒತ್ತಿದ ಕೂಡಲೇ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. ನಿನಗೇನಾದರೂ ಆಸೆ ಇದೆಯಾ ಅಮ್ಮ ಅಂತ ಸುಮ್ನೆ ಕೇಳಿದೆ. ‘ನನಗೇನು ಆಸೆ, ನೀವು ಚೆನ್ನಾಗಿದ್ರೆ ಸಾಕು’ ಅಂದೆ ನೀನು. ಆಮೇಲೆ ಒಂದು ಹಿಡಿ ಕಾಳು ಮುಗಿಯುವ ತನಕ ಮಾತಿಲ್ಲ. ಆಮೇಲೆ ನೀನು ತಲೆ ಎತ್ತದೆ ಹೇಳಿದೆ: ‘ಮದುವೆಗೆ ಮುಂಚೆ ಅಪ್ಪಾಜಿ ಜೊತೆ ಹಾಸನದಿಂದ ರೈಲಲ್ಲಿ ಸುಬ್ರಹ್ಮಣ್ಯಕ್ಕೆ ಹೋಗಿದ್ದೆ ಕಣೆ. ರಾತ್ರಿ, ನಿದ್ದೆ ಬಂದುಬಿಡ್ತು. ಏನೂ ನೋಡಲಿಲ್ಲ. ಆ ಸುರಂಗಗಳನ್ನ ಒಂದ್ಸಲ ಎಣಿಸಬೇಕು ಅಂತಿತ್ತು.’ ಅಷ್ಟು ಹೇಳಿ, ಎದುರು ಮನೆಯವರ ಹಸು ಕರು ಹಾಕಿದ ಸುದ್ದಿಗೆ ಹೋಗಿಬಿಟ್ಟೆ.

ಹಾಸನದಲ್ಲೇ ಇದ್ದುಕೊಂಡು ಇಷ್ಟು ವರ್ಷ! ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ ಅಮ್ಮ.

ಶುಕ್ರವಾರ ತಕಾಸಾಕಿ ಅನ್ನುವ ಊರಿಗೆ ಹೋಗಿ ಬಂದೆ. ಇಲ್ಲಿಂದ ಮಾಮೂಲಿ ರೈಲಿನಲ್ಲಿ ಎರಡು ಗಂಟೆ ದಾರಿ. ಅಲ್ಲಿನ ಕೆಂಪು ಬೊಂಬೆ ಇಡೀ ಜಪಾನಿಗೆ ಹೆಸರು, ದರುಮ ಅಂತಾರೆ. ಬೋಧಿಧರ್ಮ ಅನ್ನುವ ಗುರುವಿನ ರೂಪ, ಅವರು ನಮ್ಮ ದಕ್ಷಿಣದ ಕಡೆಯಿಂದಲೇ ಹೋದವರು ಅನ್ನುತ್ತಾರೆ. ಬೊಂಬೆಗೆ ಕೈಯಿಲ್ಲ, ಕಾಲಿಲ್ಲ. ದುಂಡಗೆ, ತಳದಲ್ಲಿ ಭಾರ. ಹೇಗೆ ತಳ್ಳಿದರೂ ಎದ್ದು ಕೂರುತ್ತದೆ. 1783ರಲ್ಲಿ ಹತ್ತಿರದ ಅಸಾಮಾ ಅಗ್ನಿಪರ್ವತ ಸಿಡಿಯಿತು, ಆ ಕಾಲದಲ್ಲಿ ಘೋರ ಬರ ಬಂದಿತ್ತು. ಆಮೇಲೆ ಅಲ್ಲಿನ ಗುಡಿಯ ಗುರುಗಳು ರೈತರಿಗೆ ಮರದ ಅಚ್ಚಿನ ಮೇಲೆ ಕಾಗದ ಅಂಟಿಸಿ ಈ ಬೊಂಬೆ ಮಾಡುವುದನ್ನು ಕಲಿಸಿದರಂತೆ, ಹೊಟ್ಟೆಪಾಡಿಗೆ ಆಗಲಿ ಅಂತ.

ಕೊಂಡಾಗ ಕಣ್ಣಿನ ಜಾಗ ಎರಡೂ ಬಿಳಿ. ಮನಸ್ಸಿನಲ್ಲಿ ಒಂದು ಗುರಿ ಇಟ್ಟುಕೊಂಡು ಒಂದು ಕಣ್ಣು ಬರೆಯಬೇಕು. ಗುರಿ ಮುಟ್ಟಿದ ಮೇಲೆ ಇನ್ನೊಂದು. ವರ್ಷ ತುಂಬಿದ ಬೊಂಬೆಗಳನ್ನು ಗುಡಿಗೆ ತಂದು ಒಪ್ಪಿಸುತ್ತಾರೆ, ಆಮೇಲೆ ಅವನ್ನು ಸುಡುತ್ತಾರೆ. ಆ ರಾಶಿಯ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಕೆಲವಕ್ಕೆ ಒಂದೇ ಕಣ್ಣಿತ್ತು.

ನಿನ್ನೆ ರಾತ್ರಿ ಕುಂಚ ಹಿಡಿದು ನನ್ನ ಬೊಂಬೆಗೆ ಎಡಗಣ್ಣು ಬರೆದೆ. ಕೈ ಸ್ವಲ್ಪ ನಡುಗಿತು, ಮಸಿ ಒಂದು ಕಡೆ ಹರಿದಿದೆ. ಬೆನ್ನ ಮೇಲೆ ಕನ್ನಡದಲ್ಲಿ ‘ಅಮ್ಮ, 57 ಸುರಂಗ, ಅಕ್ಟೋಬರ್’ ಅಂತ ಬರೆದಿದ್ದೇನೆ.

ಹೌದಮ್ಮ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ ಇವೆ. ಸುಮಾರು 55 ಕಿಲೋಮೀಟರ್ ಘಾಟಿ. ರೈಲು ತೆವಳಿಕೊಂಡು ಇಳಿಯುತ್ತೆ, ಎಣಿಸಲು ಸಮಯ ಸಿಗುತ್ತೆ. ಜುಲೈ, ಆಗಸ್ಟ್ ಬೇಡ. ಆ ಮಳೆಗೆ ಗುಡ್ಡ ಕುಸಿದು ರೈಲು ನಿಲ್ಲುವುದುಂಟು. ಅಕ್ಟೋಬರಿನಲ್ಲಾದರೆ ತೊರೆಗಳಲ್ಲಿ ನೀರೂ ಇರುತ್ತೆ, ಹಸಿರೂ ಇರುತ್ತೆ. ನಾನು ಹತ್ತು ದಿನ ರಜೆ ಕೇಳಿದ್ದೇನೆ, ಮೇಲಿನವರು ಒಪ್ಪಿದ್ದಾರೆ. ಹಗಲು ಹೋಗುವ ರೈಲನ್ನೇ ನೋಡಬೇಕು, ತಮ್ಮನಿಗೆ ಹೇಳಿದ್ದೇನೆ. ವಿಸ್ಟಾಡೋಮ್ ಅಂತ ಗಾಜಿನ ಬೋಗಿ ಇರುತ್ತೆ, ಸಿಕ್ಕರೆ ಅದರಲ್ಲೇ ಹೋಗೋಣ. ದುಡ್ಡಿನ ಮಾತು ತೆಗೆಯಬೇಡ, ಈ ತಿಂಗಳಿಂದಲೇ ಅದಕ್ಕೆ ಅಂತ ಬೇರೆ ಎತ್ತಿಡುತ್ತಿದ್ದೇನೆ.

ನಿನ್ನ ಮೊಣಕಾಲು ನೆನೆದರೆ ಇದನ್ನು ಇನ್ನು ಮುಂದೂಡಲು ನನಗೆ ಧೈರ್ಯವಿಲ್ಲ. ದಿನಾ ಬೆಳಿಗ್ಗೆ ಕೆರೆ ಏರಿ ತನಕ ಅಪ್ಪನ ಜೊತೆ ನಡೆದು ಬಾ. ನನ್ನ ಪಟ್ಟಿಯಲ್ಲಿ ಈ ಸಲ ಮೂರೇ ಇವೆ: ಈ ರೈಲು, ಆಗಸ್ಟಿನಲ್ಲಿ ಫ್ಯೂಜಿ, ಅಜ್ಜಿಯ ಸೋಬಾನೆ ಪದಗಳನ್ನು ಕೂತು ಬರೆದುಕೊಳ್ಳುವುದು. ಅಕ್ಟೋಬರಿನಲ್ಲಿ ಬಂದಾಗ ಸಂಜೆ ಹೊತ್ತು ಅಜ್ಜಿಯನ್ನು ಯಾರೂ ಕರೆಯಬಾರದು, ಅದು ನನ್ನ ಹೊತ್ತು.

ಇನ್ನು ನಿನ್ನ ಪಟ್ಟಿ ಬೇಕು. ನಮಗೆ ಹೊಸ ವರ್ಷ ಅಂದ್ರೆ ಯುಗಾದಿ ಅಂತ ನೀನು ಹೇಳುತ್ತೀಯ, ಸರಿ, ಮಾರ್ಚ್ 19ರ ತನಕ ಸಮಯ ತೆಗೆದುಕೋ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರಿ. ಅಪ್ಪನ ಕೈಲೂ ಬರೆಸು. ‘ಮಕ್ಕಳು ಚೆನ್ನಾಗಿರಲಿ’ ಅಂತ ಬರೆದರೆ ಅದು ಲೆಕ್ಕಕ್ಕಿಲ್ಲ.

ಬೊಂಬೆ ಈಗ ಅಡುಗೆಮನೆ ಕಿಟಕಿಯಲ್ಲಿ ಒಂದೇ ಕಣ್ಣಿಟ್ಟುಕೊಂಡು ಕೂತಿದೆ. ಅದನ್ನೂ ಕುಂಚವನ್ನೂ ಬಟ್ಟೆಯಲ್ಲಿ ಸುತ್ತಿ ತರುತ್ತೇನೆ. ಕೊನೆಯ ಸುರಂಗ ದಾಟಿದ ಮೇಲೆ ಇನ್ನೊಂದು ಕಣ್ಣನ್ನು ನೀನೇ ಬರಿ.

ಅಪ್ಪ, ಅಜ್ಜಿಗೆ ನಮಸ್ಕಾರ ಹೇಳು.

ಇಂತಿ ನಿನ್ನ ಪ್ರೀತಿಯ ಮಗಳು