ಬಲ್ಲವರು ಓದ್ತಾರೆ ಅಂತ ಬರಿ

ಧಾರವಾಡ

ಪ್ರೀತಿಯ ತಂಗಿ,

ನಿನ್ನ ಲೇಖನಗಳು ಬಂದವು. ಜೊತೆಗಿಟ್ಟ ಪತ್ರವೂ ಬಂತು. ಕವಿತೆಗಳನ್ನು ಬಿಟ್ಟು ಎಲ್ಲವನ್ನೂ ಓದಿದೆ. "ಎಷ್ಟು ಚೆಂದ ಮಾಡಿ ಬರೆದರೂ ಜನ ನಾಲ್ಕು ಸಾಲು ಓದಿ ಬಿಟ್ಟುಬಿಡ್ತಾರೆ. ನಾನೂ ಬರೆಯೋದು ಬಿಟ್ಟುಬಿಡಲಾ ಸರ್?" ಅಂತ ಕೇಳಿದ್ದೀಯ. ಬಿಡಬೇಡ. ಆದರೆ ಅವರು ಯಾಕೆ ಬಿಟ್ಟುಬಿಡ್ತಾರೆ ಅಂತ ಹೇಳಿದರೆ ನಿನಗೆ ಸ್ವಲ್ಪ ನೋವಾಗುತ್ತದೆ. ಆದರೂ ಹೇಳುತ್ತೇನೆ.

ಲೇಖನ ಎಷ್ಟು ಉದ್ದ ಇರಬೇಕು, ತಲೆಬರಹ ಹೇಗಿರಬೇಕು, ಫೋಟೋ ಎಷ್ಟು ಹಾಕಬೇಕು, ವಾರಕ್ಕೆ ಎಷ್ಟು ಬರೆದರೆ ಜನ ಮರೆಯೋದಿಲ್ಲ ಅಂತ ಒಂದು ಪುಟದ ತುಂಬಾ ಪ್ರಶ್ನೆ ಕೇಳಿದ್ದೀಯ. ಇದನ್ನೆಲ್ಲ ಹೇಳಿಕೊಡೋರು ಬೇಕಾದಷ್ಟು ಮಂದಿ ಇದ್ದಾರೆ. ಪ್ಯಾರಾ ಚಿಕ್ಕದಿರಲಿ, ಕಾಗುಣಿತ ಸರಿ ಇರಲಿ, ತಲೆಬರಹ ಆಸೆ ಹುಟ್ಟಿಸಿದ್ದನ್ನು ಒಳಗಿನ ಬರಹ ಕೊಡಲಿ. ಅಷ್ಟಾದರೆ ಆಯಿತು. ನನ್ನ ತಲೆಯಲ್ಲಿ ಮೊದಲಿನಿಂದಲೂ ಕೂತಿರೋ ಮಾತು ಒಂದೇ. ಯಾವ ವಿಷಯ ಬರೆಯುತ್ತೀಯೋ ಆ ವಿಷಯ ನಿನಗಿಂತ ಜಾಸ್ತಿ ಗೊತ್ತಿರುವ ಒಬ್ಬರು ಎದುರಿಗೆ ಕೂತು ಓದುತ್ತಿದ್ದಾರೆ ಅಂತ ತಿಳಿದು ಬರಿ.

ನಿನ್ನ ಮೊದಲ ಲೇಖನವನ್ನೇ ತಗೋ. ಅದರ ಮೊದಲ ಸಾಲು: "ಬ್ಯಾಡಗಿ ಮೆಣಸಿನಕಾಯಿಯಷ್ಟೇ ಖಾರವಾದದ್ದು ನಮ್ಮ ಬೆಳೆಗಾರರ ಬದುಕು." ನನಗೆ ಸಿಟ್ಟು ಬಂತು. ನೀನು ಬ್ಯಾಡಗಿ ತಾಲೂಕಿನಲ್ಲೇ ಹುಟ್ಟಿ ಬೆಳೆದವಳು. ನಿಮ್ಮ ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸಕ್ಕೆ ಹೋಗ್ತಾರೆ ಅಂತ ನೀನೇ ಬರೆದಿದ್ದೀಯ. ಬ್ಯಾಡಗಿ ಕಾಯಿಗೆ ಹೆಸರು ಬಂದದ್ದು ಬಣ್ಣಕ್ಕೆ. ಖಾರ ಕಡಿಮೆ. ಆ ಕೆಂಪಿಗಾಗಿಯೇ ಅದನ್ನು ಕೊಳ್ಳುತ್ತಾರೆ, ಅದರ ಬಣ್ಣ ತೆಗೆದು ತಿಂಡಿಗೂ ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ, 2011ರಲ್ಲಿ ಈ ಸೀಮೆಯದೇ ಬೆಳೆ ಅನ್ನೋ ಜಿಐ ಗುರುತು ಕೂಡ ಸಿಕ್ಕಿದೆ. ಇದು ನಿಮ್ಮೂರಿನ ಸಣ್ಣ ಹುಡುಗರಿಗೂ ಗೊತ್ತು. ನಿನಗೂ ಗೊತ್ತು. ಆದರೂ ನೀನು ಖಾರ ಅಂತ ಬರೆದೆ. ಮೆಣಸಿನಕಾಯಿ ಅಂದ ಕೂಡಲೇ ಖಾರ, ಖಾರ ಅಂದ ಕೂಡಲೇ ಕಷ್ಟದ ಬದುಕು. ಯಾರೋ ಎಂದೋ ಕಟ್ಟಿಟ್ಟ ಮಾತು ಕೈಗೆ ಸಿಕ್ಕಿತು, ಇಟ್ಟುಬಿಟ್ಟೆ. ಬ್ಯಾಡಗಿಯ ಒಬ್ಬ ದಲಾಲರು ಆ ಸಾಲು ಓದಿದರೆ ಅಲ್ಲೇ ನಿಲ್ಲಿಸುತ್ತಾರೆ. ಯಾಕಂದರೆ ಮೊದಲ ಸಾಲಲ್ಲೇ ಅವರಿಗೆ ಗೊತ್ತಾಗುತ್ತದೆ, ಈ ಬರೆದವಳು ಕಾಯಿ ಕೈಯಲ್ಲಿ ಹಿಡಿದು ನೋಡಿಲ್ಲ ಅಂತ. ನೀನು ಹಿಡಿದು ನೋಡಿದವಳು! ನನ್ನ ಸಿಟ್ಟು ಅದಕ್ಕೇ.

ಈಗ ನಿನ್ನ ಪತ್ರ ತಗೋ. ಅವಸರದಲ್ಲಿ, ಕೊನೆಯ ಪುಟದ ಅಂಚಿನಲ್ಲಿ ಬರೆದಿದ್ದೀಯ: ಸಂಜೆ ಅವ್ವ ಮನೆಗೆ ಬಂದಾಗ ಕೈ ಎಷ್ಟು ಉರೀತಾವೆ ಅನ್ನೋದರ ಮೇಲೆ ಇವತ್ತು ಯಾವ ಕಡೆಯ ಕಾಯಿ ಬಂದಿತ್ತು ಅಂತ ಹೇಳಿಬಿಡ್ತಾಳೆ, ಗುಂಟೂರು ಕಡೆಯ ತಳಿ ಬಂದ ದಿನ ತಮ್ಮನನ್ನು ಎತ್ತಿಕೊಳ್ಳೋದೂ ಇಲ್ಲ ಅಂತ. ತಂಗಿ, ಇದನ್ನು ನಾನು ಎರಡು ಸಲ ಓದಿದೆ. ಬ್ಯಾಡಗಿ ಮಾರುಕಟ್ಟೆಗೆ ಬರೋ ಕಾಯಿಯೆಲ್ಲ ಬ್ಯಾಡಗಿಯದ್ದಲ್ಲ, ಬಳ್ಳಾರಿ, ರಾಯಚೂರು, ಆಂಧ್ರ, ತೆಲಂಗಾಣದಿಂದಲೂ ಬರುತ್ತದೆ ಅನ್ನೋದು ನನಗೆ ತಿಳಿದಿತ್ತು. ಅದನ್ನು ಒಬ್ಬ ಹೆಣ್ಣುಮಗಳ ಅಂಗೈ ಲೆಕ್ಕ ಇಡುತ್ತದೆ ಅಂತ ತಿಳಿದಿರಲಿಲ್ಲ. ಬೆಂಗಳೂರಿನಲ್ಲಿ ಕೂತವರಿಗೆ, ಮೆಣಸಿನ ಗಿಡವನ್ನೇ ನೋಡದವರಿಗೆ ಈ ಸಾಲು ನಾಟುತ್ತದೆ. ನಿಮ್ಮ ಅವ್ವನ ಜೊತೆ ಕೂತು ತೊಟ್ಟು ಬಿಡಿಸೋ ಹೆಂಗಸರೂ "ಹೌದವ್ವಾ, ಖರೇ ಐತಿ" ಅಂತಾರೆ. ಲೇಖನದಲ್ಲಿ ಇದು ಯಾಕಿಲ್ಲ? ಇದು ಬರೆಯೋ ಸಂಗತಿ ಅಂತ ನಿನಗೆ ಅನ್ನಿಸಲಿಲ್ಲ. "ಅನ್ನದಾತನ ಕಣ್ಣೀರು" ಅಂತ ಮೂರು ಕಡೆ ಬರೆದಿದ್ದೀಯ, ಅದು ಬರೆಯೋ ಸಂಗತಿ ಅನ್ನಿಸಿತು.

ನನಗೆ ಈ ಹಟ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ವಯಸ್ಸಿನಲ್ಲಿ ನಾನು ರೇಡಿಯೋದ ರೈತರ ಕಾರ್ಯಕ್ರಮಗಳಿಗೆ ಸಣ್ಣಪುಟ್ಟ ಮಾತುಕತೆ ಬರೆದುಕೊಡುತ್ತಿದ್ದೆ. ಧಾರವಾಡದಲ್ಲಿ ಆಕಾಶವಾಣಿ ಶುರುವಾದದ್ದು 1950ರಲ್ಲಿ. ನಾನು ಬರೆಯೋ ಹೊತ್ತಿಗೆ, ನಮ್ಮ ಕಡೆ ಹೊಲಕ್ಕೆ ಹೋಗುವವರ ಹೆಗಲ ಮೇಲೆ ಸಲಿಕೆ ಇರುವಷ್ಟೇ ಸಹಜವಾಗಿ ಕೈಯಲ್ಲಿ ರೇಡಿಯೋ ಇದ್ದ ಕಾಲ ಅದು. ಕೇಳುವವರೆಲ್ಲ ಬರೆಯುವವನಿಗಿಂತ ಜಾಸ್ತಿ ಬಲ್ಲವರು. ಎರೆ ಹೊಲದಲ್ಲಿ ಮುಂಗಾರಿಗೆ ಹೆಸರು ತೆಗೆದು, ಹಿಂಗಾರಿಗೆ ಬಿಳಿಜೋಳವೋ ಕಡಲೆಯೋ ಬಿತ್ತುವ ಊರುಗಳು. ಅಲ್ಲಿ ಜೋಳದ ಬಿತ್ತಿಗೆಗೆ ತಪ್ಪು ಮಳೆಯ ಹೆಸರು ಹೇಳಿದರೆ ವಾರದೊಳಗೆ ಕಾರ್ಡು ಬರುತ್ತಿದ್ದವು. ಹಾಗಾಗಿ ಬರೆಯೋ ಮೊದಲು ಹೋಗಿ ಕೇಳುತ್ತಿದ್ದೆ. ಬರೆದ ಮೇಲೆ ಮತ್ತೆ ಹೋಗಿ ಓದಿ ಹೇಳುತ್ತಿದ್ದೆ. ಕಟ್ಟೆಯ ಮೇಲೆ ಕೂತ ಹಿರಿಯರು ಕಣ್ಣು ಮುಚ್ಚಿ ಕೇಳೋರು. ಎಲ್ಲಿ ಸುಮ್ನೆ ಮಾತು ಬೆಳೆಸಿದ್ದೇನೋ ಅಲ್ಲಿ ಸರಿಯಾಗಿ ಎಲೆ ಅಡಿಕೆ ಚೀಲ ಬಿಚ್ಚೋರು. ಅಷ್ಟು ನೇರವಾದ ವಿಮರ್ಶೆ ನನಗೆ ಆಮೇಲೆ ಯಾವ ಸಭೆಯಲ್ಲೂ ಸಿಗಲಿಲ್ಲ.

ಇದನ್ನು ಒಪ್ಪದ ಒಬ್ಬ ಸಂಪಾದಕರಿದ್ದರು. ಹೆಸರು ಬೇಡ, ಪತ್ರಿಕೆಯ ಹೆಸರೂ ಬೇಡ. ಅಣ್ಣಿಗೇರಿ ಕಡೆಯ ಒಬ್ಬ ರೈತರ ಮನೆಯಲ್ಲಿ ಉಳಿದು ಹಿಂಗಾರಿ ಬಿತ್ತಿಗೆ ನೋಡಿ ಒಂದು ಲೇಖನ ಬರೆದಿದ್ದೆ. ಎತ್ತು ಎಳೆಯುವ ಬಿತ್ತನೆಯ ಕೂರಿಗೆಯ ಹಿಂದೆ ನಡೆಯುತ್ತಾ ಬಟ್ಟಲಿಗೆ ಕಾಳು ಬಿಡುವ ಹೆಣ್ಣುಮಗಳ ಮುಷ್ಟಿಯ ಬಗ್ಗೆಯೇ ಒಂದು ಪುಟ ಇತ್ತು. ಮುಷ್ಟಿ ಬಿಗಿಯಾದರೆ ಬೆಳೆ ತೆಳ್ಳಗಾಗುತ್ತದೆ, ಸಡಿಲಾದರೆ ಒತ್ತಾಗುತ್ತದೆ. ಎತ್ತಿನ ನಡಿಗೆ ಜೋರಾದರೆ ಕೈಯ ಲೆಕ್ಕವೂ ಬದಲಾಗಬೇಕು. ಆಕೆ ಇದನ್ನು ಯಾರಿಂದ ಕಲಿತಳು, ಸೊಸೆಗೆ ಯಾವಾಗ ಬಿಟ್ಟುಕೊಟ್ಟಳು ಅನ್ನೋದೆಲ್ಲ ಬರೆದಿದ್ದೆ. ಸಂಪಾದಕರು ಆ ಪುಟವನ್ನೇ ತೆಗೆದರು. "ಇದು ನಿಮ್ಮ ಕಡೆಯವರಿಗೆ ಮಾತ್ರ ಅರ್ಥ ಆಗೋದು, ನಾವು ಇಡೀ ರಾಜ್ಯಕ್ಕೆ ಪತ್ರಿಕೆ ಮಾಡ್ತೀವಿ" ಅಂದರು. ಮೊದಲಿನಲ್ಲಿದ್ದ ಸೂರ್ಯೋದಯವನ್ನು ಉಳಿಸಿ, ಭೂತಾಯಿಯ ಮಡಿಲು ಅಂತ ತಾವೇ ಒಂದು ಸಾಲು ಸೇರಿಸಿದರು. ಅಚ್ಚಾದ ಪ್ರತಿಯನ್ನು ಆ ಮನೆಗೆ ಕೊಂಡೊಯ್ದು ಕೊಟ್ಟೆ. ಯಜಮಾನರು ಪೂರ್ತಿ ಓದಿಸಿ ಕೇಳಿ, "ಚಲೋ ಐತ್ರಿ. ಇದರಾಗ ನಮ್ಮ ಹೊಲ ಎಲ್ಲೈತಿ?" ಅಂದರು. ಆ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದರು, ಏನೂ ಕೇಳಲಿಲ್ಲ. ಆ ಪುಟದ ಕೈಬರಹವನ್ನು ಪತ್ರಿಕೆಯವರು ವಾಪಸ್ ಕೊಡಲಿಲ್ಲ. ಇವತ್ತಿಗೂ ನನಗೆ ಆ ಸಂಪಾದಕರ ಮೇಲಿನ ಸಿಟ್ಟು ಹೋಗಿಲ್ಲ. ಎತ್ತು ಕೂರಿಗೆ ಹೋಗಿ ಟ್ರ್ಯಾಕ್ಟರ್ ಬಂತು. ಆ ಮುಷ್ಟಿಯ ಲೆಕ್ಕ ಬಲ್ಲವರು ಈಗ ಎಷ್ಟು ಮಂದಿ ಉಳಿದಿದ್ದಾರೆ ಹೇಳು.

ಇಡೀ ರಾಜ್ಯಕ್ಕೆ ಬರೀಬೇಕು ಅನ್ನೋ ಈ ಮಾತು ನಿನಗೂ ಯಾರೋ ಹೇಳಿದ್ದಾರೆ, ನಿನ್ನ ಲೇಖನಗಳಲ್ಲಿ ಅದು ಎದ್ದು ಕಾಣುತ್ತದೆ. ಎಲ್ಲರಿಗೂ ಅರ್ಥವಾಗಲಿ ಅಂತ ನೀನು ಊರಿನ ಹೆಸರು ತೆಗೆದೆ, ದರ ತೆಗೆದೆ, ದಪ್ಪನೆಯ ಡಬ್ಬಿ ಕಾಯಿ, ತೆಳ್ಳಗೆ ಉದ್ದನೆಯ ಕಡ್ಡಿ ಕಾಯಿ ಅನ್ನೋ ವ್ಯತ್ಯಾಸವನ್ನೂ ತೆಗೆದೆ. ಕೊನೆಗೆ ಉಳಿದದ್ದು ಯಾವ ಜಿಲ್ಲೆಯ ಯಾವ ಬೆಳೆಗಾದರೂ ಹೊಂದುವ ಲೇಖನ. ಅದನ್ನು ಓದೋಕೆ ಯಾರಿಗೆ ಅವಸರ ಇದೆ? ಓದುಗನಿಗೆ ಗೊತ್ತಿಲ್ಲದ್ದು ಇದ್ದರೆ ಅವನು ಓಡಿಹೋಗುವುದಿಲ್ಲ ತಂಗಿ. ಕೆಲಸ ನಡೆಯುವ ಕ್ರಮದಲ್ಲೇ ಹೇಳುತ್ತಾ ಹೋದರೆ ಜೊತೆಗೆ ಬರುತ್ತಾನೆ. ಬೆಳೆಗಾರ ಚೀಲ ತಂದು ಅಂಗಡಿ ಮುಂದೆ ಸುರುವಿದ. ಆ ರಾಶಿಗೆ, ಅಂದರೆ ಲಾಟಿಗೆ, ನಂಬರ್ ಬಿತ್ತು. ಖರೀದಿದಾರರು ಬಂದು ಕಾಯಿ ಮುರಿದು, ಹಸಿ ಎಷ್ಟಿದೆ ನೋಡಿ, ಬಣ್ಣ ನೋಡಿ ಹೋದರು. ಟೆಂಡರ್ ಹಾಕಿದರು. ದರ ಬರೋವರೆಗೆ ಬೆಳೆಗಾರ ಕಾದ. ಇಷ್ಟು ಹೇಳಿದರೆ ಗೊತ್ತಿಲ್ಲದವನಿಗೂ ಎದೆ ಡವಡವ ಅನ್ನುತ್ತದೆ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಬಿದ್ದು ಮಾರುಕಟ್ಟೆ ನಡೆಸುವ ಎಪಿಎಂಸಿ ಕಚೇರಿಗೆ ಜನ ನುಗ್ಗಿದ್ದು, ವಾಹನಗಳು ಸುಟ್ಟಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಆ ಕಾಯುವ ಹೊತ್ತು ಹೇಗಿರುತ್ತದೆ ಅಂತ ತಿಳಿಯದೆ ಆ ದಿನವನ್ನು ಅರ್ಥಮಾಡಿಕೊಳ್ಳೋದು ಹೇಗೆ? ಅದನ್ನು ನೀನು ಬರೆಯಬಹುದಿತ್ತು. ನೀನು ಬರೆದದ್ದು "ಕ್ರೋಧದ ಕಟ್ಟೆ ಒಡೆಯಿತು" ಅಂತ.

ಹುಬ್ಬಳ್ಳಿಯ ಬೆಂಗೇರಿಗೆ ಒಮ್ಮೆ ಹೋಗಿ ಬಾ. ರಾಷ್ಟ್ರಧ್ವಜ ತಯಾರಾಗುವ ಖಾದಿ ಕೇಂದ್ರ ಅಲ್ಲಿದೆ. ಪ್ರತಿ ವರ್ಷ ಆಗಸ್ಟ್ ಬಂದರೆ "ದೇಶಭಕ್ತಿ ಹೊಲಿಯುವ ಕೈಗಳು" ಅಂತ ಬರಹಗಳು ಬರುತ್ತವೆ. ಅಲ್ಲಿ ಕೆಲಸ ಮಾಡೋ ಒಬ್ಬ ಹೆಣ್ಣುಮಗಳು ನನಗೆ ತೋರಿಸಿದ್ದು ಬೇರೆ. ಚಕ್ರ ಬಟ್ಟೆಯ ಎರಡೂ ಬದಿಗೆ ಅಚ್ಚಾಗಬೇಕು, 24 ಗೆರೆಗಳೂ ಒಂದರ ಬೆನ್ನಿಗೊಂದು ಕೂರಬೇಕು. ಬೆಳಕಿಗೆ ಹಿಡಿದು ನೋಡಿದಾಗ ಒಂದು ಎಳೆ ಆಚೀಚೆ ಆಗಿದ್ದರೂ ಆ ಬಾವುಟ ಹೊರಗೆ ಹೋಗೋದಿಲ್ಲ. "ಇದನ್ನ ಯಾರೂ ಬರಿಯಂಗಿಲ್ರಿ ಸರ" ಅಂದರು. ಅವರ ದನಿಯಲ್ಲಿ ಬೇಸರ ಇತ್ತು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಮಷೀನಿನಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟಾಗ ಆ ಕೈಗಳ ಕೆಲಸಕ್ಕೆ ಏನಾಯಿತು ಅನ್ನೋದು ಓದುಗರಿಗೆ ತಟ್ಟಬೇಕಾದರೆ ಮೊದಲು ಈ ಚಕ್ರದ ಲೆಕ್ಕ ಅವರಿಗೆ ಗೊತ್ತಿರಬೇಕು. ಭಕ್ತಿ ಅಂತ ಬರೆದವರು ಆ ದಾರಿಯನ್ನೇ ಮುಚ್ಚಿಟ್ಟರು.

ನಿಮ್ಮ ಹಾವೇರಿ ಜಿಲ್ಲೆಯವರೇ ಆದ ಕಾದಂಬರಿಕಾರ ಗಳಗನಾಥರನ್ನು ನೆನೆಸಿಕೋ. 1869ರಲ್ಲಿ ಹುಟ್ಟಿದವರು. ಮೇಷ್ಟ್ರಾಗಿದ್ದವರು. ಕನ್ನಡ ಓದುವವರೇ ಕಡಿಮೆ ಇದ್ದ ಕಾಲದಲ್ಲಿ ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು. ಜನ ಅದನ್ನು ಅವರ ತ್ಯಾಗ ಅಂತ ಹೇಳಿ ಕೈಮುಗಿಯುತ್ತಾರೆ. ಮುಗಿಯಲಿ. ನನಗೆ ಅವರ ಮೇಲೆ ಒಂದು ಹೊಟ್ಟೆಕಿಚ್ಚೂ ಇದೆ. ಓದುಗರ ಮನೆ ಬಾಗಿಲಿಗೆ ಹೋಗಿ ನಿಂತವರು ಅವರು. ಯಾರು ಓದುತ್ತಾರೆ ಅಂತ ಊಹೆ ಮಾಡಬೇಕಾಗಿರಲಿಲ್ಲ.

ನಿನಗೆ ಸಿಗುತ್ತಿರೋ ಹೊಗಳಿಕೆಯ ಬಗ್ಗೆಯೂ ಬರೆದಿದ್ದೀಯ. ಗೆಳತಿಯರೆಲ್ಲ "ಸೂಪರ್" ಅಂತಾರೆ, ಆದರೂ ಓದೋರು ಹೆಚ್ಚೋದಿಲ್ಲ ಅಂತ. ಅವರು ನಿನ್ನ ಮೇಲಿನ ಪ್ರೀತಿಗೆ ಹಾಗೆ ಹೇಳ್ತಾರೆ. ಒಳ್ಳೇದೇ. ಅದನ್ನು ಪ್ರೀತಿ ಅಂತ ತಗೋ, ಲೇಖನದ ಲೆಕ್ಕಕ್ಕೆ ಹಿಡೀಬೇಡ. ಮೆಣಸಿನಕಾಯಿಯ ಲೇಖನವನ್ನು ಅವ್ವನ ಮುಂದೆ ಓದಿದ್ದೀಯಾ? ಓದಿಲ್ಲ ಅಂತ ಪಣ ಕಟ್ಟಿ ಹೇಳಬಲ್ಲೆ. ಆಕೆಗೆ ಏನು ತಿಳೀತದೆ ಅಂತ ಬಿಟ್ಟಿದ್ದೀಯ, ಅಲ್ವಾ? ಆ ಊರಲ್ಲಿ ನಿನಗೆ ಅವಳಿಗಿಂತ ದೊಡ್ಡ ಓದುಗರು ಸಿಗೋದಿಲ್ಲ. ಗಟ್ಟಿಯಾಗಿ ಓದು. ಅವ್ವ ಎಲ್ಲಿ ತಲೆ ಎತ್ತಿ ನಿನ್ನ ಕಡೆ ನೋಡ್ತಾರೋ ಅಲ್ಲಿ ಗುರುತು ಹಾಕಿಕೋ. ಎಲ್ಲಿ ಎದ್ದು ಒಲೆ ಕಡೆ ಹೋಗ್ತಾರೋ ಅದನ್ನು ಹೊಡೆದು ಹಾಕು. ನಿನ್ನ ಲೇಖನದ ಅರ್ಧ ಹೋಗಬಹುದು. ಹೋಗಲಿ, ಹೆದರಬೇಡ. ನಿನಗೆ ಕಣ್ಣಿದೆ, ಕಿವಿ ಇದೆ. ಆ ಅಂಗೈಯ ಸಾಲು ಬರೆದವಳಿಗೆ ನಾನು ಧೈರ್ಯ ಹೇಳಬೇಕಾಗಿಲ್ಲ.

ಕವಿತೆಗಳನ್ನು ಈಗ ಓದುವುದಿಲ್ಲ. ಮೊದಲು ಈ ಗದ್ಯ ಸರಿ ಮಾಡು. ಎರಡನೆಯ ಲೇಖನದಲ್ಲಿ ಒಬ್ಬ ಬೆಳೆಗಾರ ಬಂದ ದರ ಒಪ್ಪದೆ ಮಾಲು ಕೊಡೋದಿಲ್ಲ ಅಂದ ಅಂತ ಬರೆದು, ಅಲ್ಲಿಗೇ ಬಿಟ್ಟು ವಿಧಿಯ ಆಟಕ್ಕೆ ಹೋಗಿಬಿಟ್ಟಿದ್ದೀಯ. ಆ ರಾತ್ರಿ ಅವನ ಚೀಲಗಳು ಎಲ್ಲಿದ್ದವು? ಕಾದವರು ಯಾರು? ಕೋಲ್ಡ್ ಸ್ಟೋರೇಜಿಗೆ ಹೋದವಾ, ಹೋಗಿದ್ದರೆ ಬಾಡಿಗೆ ಯಾರು ಕೊಟ್ಟರು, ಅವನು ಊರಿಗೆ ಬರಿಗೈಯಲ್ಲಿ ಹೋದನಾ ಅಥವಾ ದಲಾಲರ ಹತ್ತಿರ ಮುಂಗಡ ತಗೊಂಡನಾ? ಇದನ್ನು ಅವನನ್ನೇ ಕೇಳು. ಕೇಳಿ ಬರೆದು ಕಳಿಸು, ದೀಪಾವಳಿವರೆಗೂ ನಾನು ಧಾರವಾಡದಲ್ಲೇ ಇರುತ್ತೇನೆ.

ನಿನ್ನ ಹಿತ ಬಯಸುವ,
ಕಾಕಾ