ಪೀಠ ಬಿಟ್ಟೇಳದ ನ್ಯಾಯಾಧೀಶೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ನೀನು ನ್ಯಾಯಾಧೀಶೆಯೆಂದು ಗೊತ್ತಾದಾಗ, "ಹೆಂಗಸಿನ ದಾವೆಗೆ ಹೆಂಗಸೇ ಕುಳಿತರೆ ತೀರ್ಪು ಒಂದೇ ಕಡೆ ವಾಲುತ್ತದೆ" ಎಂದನಂತೆ ಸಹಪಾಠಿಯೊಬ್ಬ. ಆ ಕ್ಷಣಕ್ಕೆ ನಿನಗೆ ಉತ್ತರ ಹೊಳೆಯಲಿಲ್ಲ. ಅಮೆರಿಕದ ನ್ಯಾಯಾಧೀಶೆ ಕಾನ್‌ಸ್ಟೆನ್ಸ್ ಬೇಕರ್ ಮಾಟ್ಲಿ ಅದಕ್ಕೆ 1975ರಲ್ಲೇ ನ್ಯೂಯಾರ್ಕಿನಲ್ಲಿ ಉತ್ತರ ಕೊಟ್ಟಿದ್ದಾರೆ.

ಕೆರಿಬಿಯನ್ನಿನ ನೆವಿಸ್ ದ್ವೀಪದಿಂದ ಅಮೆರಿಕದ ನ್ಯೂಹೇವನ್‌ಗೆ ಬಂದ ಕಪ್ಪು ದಂಪತಿಯ ಹನ್ನೆರಡು ಮಕ್ಕಳಲ್ಲಿ ಅವರು ಒಂಬತ್ತನೆಯವರು, ಹುಟ್ಟಿದ್ದು 1921ರಲ್ಲಿ. ತಂದೆ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಗಳಲ್ಲಿ ಅಡುಗೆಯವರು. ಹೈಸ್ಕೂಲು ಮುಗಿದ ಮೇಲೆ ಓದಿಸಲು ಮನೆಯಲ್ಲಿ ಹಣವಿರಲಿಲ್ಲ. ಊರಿನ ಸಮುದಾಯ ಭವನದ ಸಭೆಯೊಂದರಲ್ಲಿ ಆ ಹುಡುಗಿ ಎದ್ದು ನಿಂತು, ಇದರ ಆಡಳಿತದಲ್ಲಿ ಕಪ್ಪು ಜನರ ಮಾತಿಗೆ ಬೆಲೆಯೇ ಇಲ್ಲ, ಅದಕ್ಕೇ ಅವರು ಇತ್ತ ಬರುವುದಿಲ್ಲ ಎಂದುಬಿಟ್ಟಳು. ಭವನಕ್ಕೆ ಹಣ ಕೊಟ್ಟಿದ್ದ ಬಿಳಿಯ ಉದ್ಯಮಿ ಕ್ಲಾರೆನ್ಸ್ ಬ್ಲೇಕ್ಸ್‌ಲಿ ಎದುರಿಗೇ ಇದ್ದರು. ಅವರು ಸಿಟ್ಟಾಗಲಿಲ್ಲ, ಅವಳ ಓದಿನ ಖರ್ಚು ಹೊತ್ತರು! ಆ ಸಭೆಯನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ.

1946ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ. ಶಾಲೆಗಳಲ್ಲಿ ವರ್ಣಭೇದವನ್ನು ಅಸಾಂವಿಧಾನಿಕವೆಂದು ಸಾರಿದ ಬ್ರೌನ್ ಪ್ರಕರಣದ ಮೂಲ ದೂರಿನ ಕರಡು ಅವರ ಕೈಯದು. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ 10 ಪ್ರಕರಣಗಳಲ್ಲಿ 9ನ್ನು ಗೆದ್ದರು. 1966ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಫೆಡರಲ್ (ಕೇಂದ್ರ) ನ್ಯಾಯಾಲಯದ ನ್ಯಾಯಾಧೀಶ ಹುದ್ದೆಗೆ ಮಾಟ್ಲಿ ಅವರ ಹೆಸರನ್ನು ಸೂಚಿಸಿದಾಗ ಮಿಸಿಸಿಪಿಯ ಸೆನೆಟರ್ ಈಸ್ಟ್‌ಲೆಂಡ್ ತಿಂಗಳುಗಟ್ಟಲೆ ಅಡ್ಡಗಾಲು ಹಾಕಿದರು. ಆದರೂ ಅವರು ಅಮೆರಿಕದ ಮೊದಲ ಕಪ್ಪು ಫೆಡರಲ್ ನ್ಯಾಯಾಧೀಶೆಯಾದರು.

ಇನ್ನು ನಿನ್ನ ವಿಷಯ. ಲಿಂಗ ತಾರತಮ್ಯ ಮಾಡಿದೆಯೆಂದು ದೊಡ್ಡ ವಕೀಲ ಸಂಸ್ಥೆಯೊಂದರ ಮೇಲೆ ಮಹಿಳೆಯೊಬ್ಬರು ಹೂಡಿದ ದಾವೆ ಮಾಟ್ಲಿ ಅವರ ಮುಂದೆ ಬಂತು. ನೀವು ಹೆಂಗಸು, ತಾರತಮ್ಯದ ವಿರುದ್ಧ ವಾದಿಸಿದವರು, ಈ ದಾವೆಯಿಂದ ಹಿಂದೆ ಸರಿಯಿರಿ ಎಂದರು ಪ್ರತಿವಾದಿಗಳು. ಮಾಟ್ಲಿ ಒಪ್ಪಲಿಲ್ಲ. ಹಿನ್ನೆಲೆ, ಲಿಂಗ, ಜನಾಂಗಗಳೇ ಅಡ್ಡಿಯಾಗುವುದಾದರೆ ಈ ನ್ಯಾಯಾಲಯದ ಯಾವ ನ್ಯಾಯಾಧೀಶರೂ ಈ ದಾವೆ ಕೇಳುವಂತಿಲ್ಲ ಎಂದು ಬರೆದರು. ಗಂಡಸಿಗೂ ಲಿಂಗವಿದೆಯಲ್ಲ! ಮೂವತ್ತು ವರ್ಷ ಶಿರಸ್ತೇದಾರಳಾಗಿ ಪೀಠದ ಕೆಳಗೆ ಕುಳಿತ ನಾನು, ಗಂಡಸೊಬ್ಬನಿಗೆ ಈ ಪ್ರಶ್ನೆ ಬಂದದ್ದನ್ನು ಒಮ್ಮೆಯೂ ಕೇಳಲಿಲ್ಲ.

2001ರಲ್ಲಿ ಅವರಿಗೆ ಅಧ್ಯಕ್ಷರ ನಾಗರಿಕ ಪದಕ ಸಂದಿತು. ಅವರು ತೀರಿಕೊಂಡ ಮೇಲೆ, 2024ರಲ್ಲಿ, ಅಮೆರಿಕದ ಅಂಚೆ ಚೀಟಿಯ ಮೇಲೂ ಅವರ ಮುಖ ಬಂತು.

ಶನಿವಾರ ಹೊಟ್ಟೆ ತುಂಬ ತಿಂದು ಹೋಗಿ ಪೀಠದಲ್ಲಿ ಕುಳಿತುಕೋ. ಮುಗಿದ ಕೂಡಲೇ ಫೋನು ಮಾಡು.

ನಿನ್ನ ಅಮ್ಮ